ಬಾಗಿಲು ಹಾಕಿದ ಕೋಣೆಯಲ್ಲಿ ಸಾಹೇಬರ ಕೈ ಯಾವ ಕಡೆ?

ಶಕ್ತಿ ಯೋಜನೆಯ ಮಾತು ತೆಗೀರಿ, ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಮಂದಿ ಹತ್ತು ಮಾತಾಡ್ತಾರೆ. ಹೆಂಗಸರಿಗೆ ಪುಕ್ಕಟೆ ಟಿಕೆಟ್ ಸರಿಯೋ ತಪ್ಪೋ ಅಂತ ಬನಹಟ್ಟಿ ಬರೋತನಕ ವಾದ. ಆದರೆ ನಮ್ಮ ವಿಧಾನಮಂಡಲದಲ್ಲಿ ಮಹಿಳೆಯರ ಮತ್ತು ಮಕ್ಕಳ ಕಲ್ಯಾಣಕ್ಕೆಂದೇ ಒಂದು ಸಮಿತಿ ಇದೆ. ಅಲ್ಲಿ ಕೂತವರು ಯಾವುದಕ್ಕೆ ಹೂಂ ಅಂದರು, ಯಾವುದಕ್ಕೆ ಊಹೂಂ ಅಂದರು ಎಂದು ಕೇಳಿ ನೋಡ್ರಿ. ಬಸ್ಸೆಲ್ಲ ಗಪ್‌ಚಿಪ್!

ಜನರದೇನು ತಪ್ಪು? ಸಮಿತಿಯ ಸಭೆ ನಡೆಯೋದೇ ಬಾಗಿಲು ಹಾಕಿಕೊಂಡು. ಹೊರಗೆ ಬರುವುದು ವರದಿ ಮಾತ್ರ.

ಇಲ್ಲೊಂದು ಸೂಕ್ಷ್ಮ ಇದೆ. ಸದನದಲ್ಲಿ ಶಾಸಕನ ಮತ ಬಹಳ ಸಲ ಅವನದಲ್ಲ, ಪಕ್ಷದ್ದು. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ, ವಿಪ್ ಮೀರಿ ಮತ ಹಾಕಿದವನನ್ನು ಪಕ್ಷ 15 ದಿನದೊಳಗೆ ಕ್ಷಮಿಸದಿದ್ದರೆ ಅವನ ಸ್ಥಾನಕ್ಕೇ ಸಂಚಕಾರ. ಆದರೆ ಆ ವಿಪ್ಪಿನ ಮಾತು ಸದನದೊಳಗಿನ ಮತಕ್ಕೆ ಮಾತ್ರ. ಸಮಿತಿಯ ಕೋಣೆಯಲ್ಲಿ ಕೈ ಬೇರೆ ಕಡೆ ಎತ್ತಿದರೆ ಕಾನೂನು ಕೇಳೋದಿಲ್ಲ. ಅಂದರೆ ಶಾಸಕ ತನ್ನ ಮನಸ್ಸಿನ ಪ್ರಕಾರ ಮಾತಾಡಬಹುದಾದ ಜಾಗ ಅದೊಂದೇ. ನಾವು ಕಣ್ಣಿಡದ ಜಾಗವೂ ಅದೇ!

ಸಮಿತಿಯಲ್ಲಿ ಕೂತವರು ಲೆಕ್ಕ ಹಾಕೋದು ಹೇಗೆ ಅನ್ನೋದಕ್ಕೆ ದಿಲ್ಲಿಯ ಎರಡು ಉದಾಹರಣೆ ಸಾಕು.

1996ರ ಸೆಪ್ಟೆಂಬರಿನಲ್ಲಿ ನಮ್ಮವರೇ ಆದ ದೇವೇಗೌಡರು ಪ್ರಧಾನಿಯಾಗಿದ್ದಾಗ ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಗೆ ಬಂತು. ಗೀತಾ ಮುಖರ್ಜಿ ಅಧ್ಯಕ್ಷತೆಯ 31 ಜನರ ಜಂಟಿ ಸಮಿತಿಗೆ ಹೋಯಿತು. ಆ ವರ್ಷ ಡಿಸೆಂಬರಿನಲ್ಲೇ ವರದಿ ಬಂತು. ಸದಸ್ಯರಾಗಿದ್ದ ನಿತೀಶ್ ಕುಮಾರ್, ಹಿಂದುಳಿದ ವರ್ಗದ ಹೆಣ್ಣುಮಕ್ಕಳಿಗೆ ಒಳಮೀಸಲಾತಿ ಬೇಕು ಎಂದು ಭಿನ್ನಮತದ ಟಿಪ್ಪಣಿ ಬರೆದರು. 2010ರಲ್ಲಿ ರಾಜ್ಯಸಭೆಗೆ ಮಸೂದೆ ಬಂದಾಗ ಅದೇ ನಿತೀಶ್ ಬೆಂಬಲ ಅಂದರು, ಅವರ ಪಕ್ಷದ ಶರದ್ ಯಾದವ್ ವಿರೋಧ ಅಂದರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಮಸಿಯಲ್ಲಿ ಬರೆದಿಟ್ಟ ಮಾತು ಉಳಿಯಿತು. ಅಂದು ಹಾಗಂದಿದ್ದಿರಿ, ಇಂದು ಯಾಕೆ ಹೀಗೆ ಎಂದು ಕೇಳೋಕೆ ದಾರಿ ಆಯಿತು.

ಇನ್ನೊಂದು ಕಥೆ ಬೇರೆ. ಹುಡುಗಿಯ ಮದುವೆ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರಿನಲ್ಲಿ ಬಂತು. ಅದನ್ನು ನೋಡಬೇಕಾದ ಸ್ಥಾಯಿ ಸಮಿತಿಯ 31 ಜನರಲ್ಲಿ ಹೆಂಗಸು ಒಬ್ಬರೇ, ಸುಷ್ಮಿತಾ ದೇವ್. ವಯಸ್ಸು ಏರಿಸುವ ಮೊದಲು ಶಾಲೆ, ಹಾಸ್ಟೆಲ್ ಕೊಡಿ ಎಂದು ಕೆಲವು ಮಹಿಳಾ ಸಂಘಟನೆಗಳೂ ವಿರೋಧಿಸಿದ್ದುಂಟು. ಸರಿ, ಹಾಗಾದರೆ ಬೇಡ ಎಂದು ಬರೆಯಬೇಕಿತ್ತು. ಬೇಕು ಎಂದೂ ಬರೆಯಲಿಲ್ಲ, ಬೇಡ ಎಂದೂ ಬರೆಯಲಿಲ್ಲ. ಗಡುವಿನ ಮೇಲೆ ಗಡುವು ಬೆಳೆದು, 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಸತ್ತಿತು. ಕೊಂದವರು ಯಾರು? ಯಾರೂ ಅಲ್ಲ!

ಈ ಮೌನದ ಲೆಕ್ಕ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರ ಮದುವೆಗೆ ಬಂದು ಅಕ್ಕಿಕಾಳು ಹಾಕದ ಶಾಸಕನಿಗೆ ಉಳಿಗಾಲವಿಲ್ಲ. ಹಂದರದಲ್ಲಿ ನಿಂತು "ಹುಡುಗಿಗೆ ಎಷ್ಟು ವರ್ಷ ಆತ್ರಿ?" ಅಂದರೆ ಒಂದು ಓಣಿಯ ಓಟು ಕೈಬಿಟ್ಟ ಹಾಗೆ. ಹುಡುಗಿಯ ಅಪ್ಪನಿಗೆ ಓಟಿದೆ, ಕಾಕಾನಿಗಿದೆ, ಮಾವನಿಗಿದೆ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಶಾಲೆ ಬಿಟ್ಟು ಕಂಡಿಕೆ ಸುತ್ತುವ ಹದಿನಾರರ ಹುಡುಗಿಗೆ ಓಟಿಲ್ಲ. ಸಮಿತಿಯಲ್ಲಿ ಯಾರ ಮಾತು ನಡೆದೀತು, ನೀವೇ ಹೇಳಿ.

ಹೆಣ್ಣುಮಕ್ಕಳೇ ಆರಿಸಿ ಹೋದರೆ ಎಲ್ಲ ಸರಿಯಾದೀತು ಅನ್ನೋರೂ ಇದ್ದಾರೆ. ರಬಕವಿ-ಬನಹಟ್ಟಿ ಇರುವ ತೇರದಾಳ ಕ್ಷೇತ್ರ 2013ರಲ್ಲಿ ಉಮಾಶ್ರೀಯವರನ್ನು ಗೆಲ್ಲಿಸಿತು. ಅವರು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯೂ ಆದರು. 2023ರಲ್ಲಿ ಜಮಖಂಡಿ, ಮುಧೋಳ, ಬೀಳಗಿ, ತೇರದಾಳ ನಾಲ್ಕೂ ಕಡೆ ಗೆದ್ದವರು ಗಂಡಸರೇ. ಆ ಚುನಾವಣೆಯಲ್ಲಿ ರಾಜ್ಯದ 224 ಸ್ಥಾನಗಳಲ್ಲಿ ಹೆಂಗಸರು ಗೆದ್ದದ್ದು 10 ಕಡೆ. ಸಂಖ್ಯೆ ಏರಬೇಕು, ನಿಜ. ಆದರೆ ಸಂಖ್ಯೆಯೊಂದೇ ಸಾಲದು. 2020ರ ನವೆಂಬರಿನಲ್ಲಿ ಮಹಾಲಿಂಗಪುರ ಪುರಸಭೆಯಲ್ಲಿ ಅಧ್ಯಕ್ಷರ ಆಯ್ಕೆಗೆ ಹೊರಟ ಸದಸ್ಯೆಯನ್ನು ಮೆಟ್ಟಿಲ ಮೇಲೆ ಎಳೆದಾಡಿದ್ದನ್ನು ಟಿವಿಯಲ್ಲಿ ದೇಶವೇ ನೋಡಿತು. ಬಟಾಬಯಲಲ್ಲೇ ಈ ಗತಿಯಾದರೆ ಮುಚ್ಚಿದ ಬಾಗಿಲ ಹಿಂದೆ?

ಹಾಗಂತ ಬಾಗಿಲು ಒಡೆಯಬೇಕಾಗಿಲ್ಲ. ಅತ್ಯಾಚಾರ, ದೌರ್ಜನ್ಯದ ಸಂಗತಿಗಳನ್ನು ನೊಂದವರು ನಾಲ್ಕು ಗೋಡೆಯೊಳಗೇ ಹೇಳಬೇಕಾಗುತ್ತೆ. ಆದರೆ ಸದಸ್ಯರು ಎಷ್ಟು ಸಭೆಗೆ ಬಂದರು, ಯಾವ ಶಿಫಾರಸಿಗೆ ಒಪ್ಪಿದರು, ಯಾವುದಕ್ಕೆ ಒಪ್ಪಲಿಲ್ಲ, ಇದನ್ನು ಮುಚ್ಚಿಡೋಕೆ ಕಾರಣವಿಲ್ಲ.

ಆದ್ದರಿಂದ ಅಂಗಡಿಕಾರರೇ, ಸಾಹೇಬರು ನಿಮ್ಮ ಕಟ್ಟೆ ಮುಂದೆ ಜೀಪು ನಿಲ್ಲಿಸಿದಾಗ ಗಟಾರು, ಬೀದಿದೀಪದ ಜೊತೆ ಮೂರು ಮಾತು ಕೇಳಿರಿ. ನೀವು ಯಾವ ಸಮಿತಿಯಲ್ಲಿದ್ದೀರಿ? ಎಷ್ಟು ಸಭೆಗೆ ಹೋದಿರಿ? ಹೆಣ್ಣುಮಕ್ಕಳ ವಿಷಯ ಬಂದಾಗ ಏನಂದಿರಿ? ಓಟಿಲ್ಲದ ಹುಡುಗಿಯ ಪರವಾಗಿ ಓಟಿದ್ದವರು ಕೇಳದಿದ್ದರೆ ಇನ್ಯಾರು ಕೇಳಬೇಕು?