ಹಾಸಿಗೆಯ ಬಳಿ ಯಾರ ಮಾತು?

ಅಜಾಜೆಲ್ ಜೇಕಬ್ಸ್ ನಿರ್ದೇಶಿಸಿದ ‘ಹಿಸ್ ಥ್ರೀ ಡಾಟರ್ಸ್’ (2023) ಎಂಬ ಚಿತ್ರವನ್ನು ನೋಡಿದೆ. ಮರಣಶಯ್ಯೆಯಲ್ಲಿರುವ ತಂದೆಯ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು ಕೂಡುತ್ತಾರೆ. ಜೊತೆಗಿದ್ದು ಸೇವೆ ಮಾಡಿದವಳೇ ಬಂದವರಿಬ್ಬರ ಕಣ್ಣಿಗೆ ಹೊರಗಿನವಳು. ಕಥೆ ನ್ಯೂಯಾರ್ಕಿನದಾದರೂ ಯಾದಗಿರಿ ಸೀಮೆಯ ರಾಮಸಮುದ್ರದಂಥ ಊರಿಗೆ ಅಪರಿಚಿತವಲ್ಲ. ಬೆಂಗಳೂರು, ಪುಣೆಗಳಿಗೆ ಗುಳೆ ಹೋದ ಮಕ್ಕಳು ಕೊನೆಗಾಲಕ್ಕೆ ಬಂದು ತೀರ್ಮಾನ ಹೇಳುವುದುಂಟು. ಗಂಜಿ ಕುಡಿಸಿ ಮಗ್ಗುಲು ಹೊರಳಿಸಿದವರು ಸುಮ್ಮನೆ ಕೇಳುವುದುಂಟು.

ಗುಣವಾಗುವ ಆಸೆಯಿಲ್ಲದ ರೋಗಿಯ ಕೃತಕ ಜೀವಾಧಾರವನ್ನು ಹಿಂತೆಗೆಯಲು ಸುಪ್ರೀಂ ಕೋರ್ಟು 2018ರಲ್ಲಿ ಸಮ್ಮತಿಸಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಲಿಗಳು ಒಪ್ಪಬೇಕು. ಬಂಧುಗಳ ಸಮ್ಮತಿಯೂ ಬೇಕು. ಆದರೆ ಯಾವ ಬಂಧು? ಇದಕ್ಕೂ ದಾರಿಯಿದೆ. ಬುದ್ಧಿ ಸ್ವಸ್ಥವಾಗಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದು, ತನ್ನ ಪರವಾಗಿ ನಿರ್ಧರಿಸತಕ್ಕವರ ಹೆಸರನ್ನು ಬರೆದಿಡಬಹುದು.

ಹೊಲದ ಪಾಲುಪತ್ರ ಬರೆಸುವ ಹಿರಿಯರು ಇದನ್ನೂ ಬರೆಸುವುದು ಲೇಸೆಂದು ನನ್ನ ಅಭಿಪ್ರಾಯ. ಸೇವೆ ಮಾಡಿದವರ ಹೆಸರು ಅದರಲ್ಲಿದ್ದರೆ, ಕೊನೆಯ ದಿನಗಳಲ್ಲಿ ಒಡಹುಟ್ಟಿದವರ ಜಗಳಕ್ಕೆ ಅಷ್ಟು ಎಡೆಯಿರದು.