ಕಾಣದ ಹೊಲಕ್ಕೆ ಸಲಹೆ ಹೇಳುವವರ ಹೊಣೆ

ಬೇಸಾಯವು ಕೇಳಿ ಕಲಿಯುವ ಕಸುಬು. ಬಿತ್ತನೆಯ ಹದವನ್ನು ತಂದೆಯಿಂದಲೂ, ಬೀಜದ ಗುಣವನ್ನು ನೆರೆಯವನಿಂದಲೂ, ಎತ್ತಿನ ಹಲ್ಲು ನೋಡಿ ವಯಸ್ಸನ್ನು ಗುರುತಿಸುವ ಬಗೆಯನ್ನು ಜಾತ್ರೆಯಲ್ಲಿ ಎದುರಾದ ಅಪರಿಚಿತನಿಂದಲೂ ಕೇಳಿ ತಿಳಿಯುವುದು ರೈತರಲ್ಲಿ ಹಿಂದಿನಿಂದ ನಡೆದು ಬಂದ ರೂಢಿಯಾಗಿದೆ. ಸಂತೆಯ ಮರದ ನೆರಳಿನಲ್ಲಿ, ಗೊಬ್ಬರದಂಗಡಿಯ ಜಗಲಿಯ ಮೇಲೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನೊಡನೆ, "ಪೈರು ಹಳದಿಗೆ ತಿರುಗಿದೆ, ಏನು ಮಾಡಬೇಕು ಸ್ವಾಮಿ?" ಎಂಬ ಪ್ರಶ್ನೆ ಹುಟ್ಟದ ದಿನವಿಲ್ಲ. ಈಗಂತೂ ರೋಗ ತಗುಲಿದ ಎಲೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಮುಖ ಕಂಡರಿಯದ ನೂರಾರು ಮಂದಿಗೆ ಒಮ್ಮೆಗೇ ಕಳುಹಿಸಿ ಕೇಳುವುದು ಸಾಮಾನ್ಯವಾಗಿದೆ. 2004ನೆಯ ಇಸವಿಯ ಜನವರಿಯಲ್ಲಿ ಕೇಂದ್ರ ಸರ್ಕಾರದವರು ಆರಂಭಿಸಿದ ಕಿಸಾನ್ ಕಾಲ್ ಸೆಂಟರಿನ ವ್ಯವಸ್ಥೆಯಿಂದ, ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತನಾಡಿ ಸಲಹೆ ಪಡೆಯುವ ಅನುಕೂಲವೂ ಉಂಟಾಗಿದೆ. ಕೇಳುವ ದಾರಿಗಳು ಹೆಚ್ಚಿದಂತೆಲ್ಲಾ ಹೇಳುವವರೂ ಹೆಚ್ಚಿದರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹೇಳುವವರ ಹೊಣೆಯ ಅರಿವು ಅದೇ ಪ್ರಮಾಣದಲ್ಲಿ ಹೆಚ್ಚಿತೇ ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ಸಲಹೆ ಹೇಳುವವನಿಗೆ ಖರ್ಚಾಗುವುದು ಎರಡು ಮಾತು ಮಾತ್ರ. ಅದನ್ನು ನಂಬಿ ನಡೆದವನು ಕಳೆದುಕೊಳ್ಳಬಹುದಾದದ್ದು ಒಂದು ವರ್ಷದ ದುಡಿಮೆ, ಸಾಲ ತಂದು ಹಾಕಿದ ಗೊಬ್ಬರ, ಕೆಲವು ವೇಳೆ ಕೊಟ್ಟಿಗೆಯಲ್ಲಿದ್ದ ಏಕಮಾತ್ರ ಹಸು. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬ ಗಾದೆಯು ಇಂತಹ ಸಲಹೆಗಾರರಿಗೆ ಚೆನ್ನಾಗಿ ಒಪ್ಪುವುದು. ಇದರಿಂದ ಸಲಹೆ ಹೇಳುವುದೇ ತಪ್ಪೆಂದು ಭಾವಿಸಲಾಗದು. ಕಾಣದವನ ಹೊಲಕ್ಕೆ ಮದ್ದು ಹೇಳುವವನು ಮೊದಲು ತಾನೇ ಪ್ರಶ್ನೆ ಕೇಳತಕ್ಕದ್ದು, ಉತ್ತರವನ್ನು ಆಮೇಲೆ ಹೇಳತಕ್ಕದ್ದು ಎಂಬುದಿಷ್ಟೇ ಇದರ ತಾತ್ಪರ್ಯ.

ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುವುದು. ಮಳೆ ಹಿಂದೆಗೆದ ವರ್ಷದಲ್ಲಿ ರೈತನೊಬ್ಬನು, "ಜೋಳದ ಪೈರು ಮೊಳಕಾಲೆತ್ತರದಲ್ಲಿಯೇ ಬಾಡಿ ನಿಂತಿದೆ, ದನಗಳಿಗೆ ಕೊಯ್ದು ಹಾಕಬಹುದೇ?" ಎಂದು ಕೇಳಿದನೆಂದು ಭಾವಿಸೋಣ. "ಜೋಳದ ಮೇವಿಗಿಂತ ಒಳ್ಳೆಯ ಮೇವು ಯಾವುದಿದೆ? ಧಾರಾಳವಾಗಿ ಹಾಕು" ಎಂದು ಥಟ್ಟನೆ ಹೇಳುವವರು ಹತ್ತು ಜನ ಸಿಕ್ಕುವರು. ಬಲಿತು ತೆನೆ ಕೊಯ್ದ ಜೋಳದ ದಂಟಿನ ವಿಷಯದಲ್ಲಿ ಅವರ ಮಾತು ನಿಜವೇ. ಆದರೆ ಎಳೆಯ ಜೋಳದಲ್ಲಿಯೂ, ನೀರಿಲ್ಲದೆ ಬೆಳವಣಿಗೆ ಕುಂದಿದ ಪೈರಿನಲ್ಲಿಯೂ, ಕೊಯ್ದ ಮೇಲೆ ಬರುವ ಕೂಳೆಯ ಚಿಗುರಿನಲ್ಲಿಯೂ ಒಂದು ಬಗೆಯ ವಸ್ತು ಸೇರಿಕೊಂಡಿರುವುದು. ಅದು ದನದ ಹೊಟ್ಟೆಯನ್ನು ಸೇರಿದೊಡನೆ ಹೈಡ್ರೊಸಯನಿಕ್ ಆಮ್ಲವೆಂಬ ಘೋರ ವಿಷವಾಗಿ ಮಾರ್ಪಡುವುದು. ಹಸಿದ ದನವು ಇಂತಹ ಮೇವನ್ನು ಹೊಟ್ಟೆ ತುಂಬ ತಿಂದರೆ, ವೈದ್ಯನನ್ನು ಕರೆತರುವಷ್ಟರೊಳಗೆ ಪ್ರಾಣ ಬಿಡುವುದುಂಟು. ಪೈರು ಹೂ ಬಿಟ್ಟ ಮೇಲೆ ವಿಷದ ಅಂಶ ಇಳಿಯುತ್ತ ಬರುವುದು. ಚೆನ್ನಾಗಿ ಒಣಗಿಸಿದರೆ ಇನ್ನೂ ಕಡಿಮೆಯಾಗುವುದು. ಹಾಗಿರುವಲ್ಲಿ, "ಪೈರು ಹೂ ಬಿಟ್ಟಿದೆಯೇ? ಹಸಿಯದನ್ನು ಹಾಕುವುದೋ ಒಣಗಿಸಿದ್ದನ್ನೋ?" ಎಂಬ ಎರಡು ಮಾತುಗಳನ್ನು ಕೇಳಿದ್ದರೆ ದನವು ಉಳಿಯುತ್ತಿತ್ತು. ಅಜ್ಞಾನದಿಂದ ಬರುವ ನಷ್ಟಕ್ಕಿಂತ, ಅರ್ಧ ನಿಜವನ್ನು ಪೂರ್ಣ ನಿಜವೆಂಬಂತೆ ಹೇಳುವುದರಿಂದ ಬರುವ ನಷ್ಟವು ದೊಡ್ಡದು.

ಎಲೆ ಹಳದಿಯಾಗುವ ವಿಷಯವೂ ಹೀಗೆಯೇ. ಈ ಪ್ರಶ್ನೆಗೆ ಬಹುಮಂದಿಯ ಬಾಯಲ್ಲಿರುವ ಉತ್ತರ ಒಂದೇ: "ಯೂರಿಯಾ ಹಾಕು." ಸಾರಜನಕದ ಕೊರತೆಯಿಂದ ಎಲೆ ಹಳದಿಯಾಗುವುದು ನಿಜ. ಆದರೆ ಆಗ ಮೊದಲು ಹಳದಿಯಾಗುವುವು ಬುಡದ ಹಳೆಯ ಎಲೆಗಳು. ಏಕೆಂದರೆ ಗಿಡವು ಅವುಗಳಲ್ಲಿದ್ದ ಸಾರವನ್ನು ಹೊಸ ಚಿಗುರಿಗೆ ಸಾಗಿಸುವುದು. ತುದಿಯ ಎಳೆಯ ಎಲೆಗಳೇ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಅಂಶದ ಕೊರತೆಯನ್ನು ಶಂಕಿಸಬೇಕು. ಸುಣ್ಣದ ಅಂಶ ಹೆಚ್ಚಾಗಿರುವ ನೆಲದಲ್ಲಿ ಇದು ಸಾಮಾನ್ಯ. ಬೆಂಡೆಯ ಗಿಡದಲ್ಲಿ ನರಗಳೇ ಹಳದಿಯಾಗಿ ಬಲೆಯಂತೆ ಕಂಡರೆ ಅದು ಬಿಳಿನೊಣದಿಂದ ಹರಡುವ ನಂಜುರೋಗ. ಅದಕ್ಕೆ ಮೂಟೆಗಟ್ಟಲೆ ಗೊಬ್ಬರ ಸುರಿದರೂ ಗುಣವಿಲ್ಲ. ಹೊಲದಲ್ಲಿ ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ಪೈರು ಹಳದಿಯಾಗುವುದು. ಅಲ್ಲಿ ಬೇಕಾದುದು ಗೊಬ್ಬರವಲ್ಲ, ನೀರು ಹರಿದುಹೋಗಲು ಒಂದು ಕಾಲುವೆ. ಬಣ್ಣ ಒಂದೇ, ಕಾರಣ ನಾಲ್ಕು. ಹಳದಿಯಾದುದು ಹಳೆಯ ಎಲೆಯೋ ಎಳೆಯ ಎಲೆಯೋ ಎಂದು ಕೇಳದೆ ಯೂರಿಯಾ ಹಾಕಿಸುವುದು, ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಟ್ಟಂತೆ.

ಇನ್ನು ಅಳತೆಯ ವಿಷಯ. ಇದು ಅನೇಕರು ಲಕ್ಷ್ಯವಿಡದೆ ಬಿಡುವ, ಆದರೆ ಅತ್ಯಂತ ಮುಖ್ಯವಾದ ಅಂಶ. ಪುಸ್ತಕಗಳಲ್ಲಿ ಶಿಫಾರಸುಗಳನ್ನು ಹೆಕ್ಟೇರಿನ ಲೆಕ್ಕದಲ್ಲಿಯೂ ಪೋಷಕಾಂಶದ ತೂಕದಲ್ಲಿಯೂ ಬರೆಯುವ ವಾಡಿಕೆಯಿದೆ. ರೈತನು ಲೆಕ್ಕ ಹಾಕುವುದು ಎಕರೆ ಗುಂಟೆಗಳಲ್ಲಿ, ಕೊಳ್ಳುವುದು ಗೊಬ್ಬರದ ಚೀಲವನ್ನು. ಒಂದು ಹೆಕ್ಟೇರೆಂದರೆ ಸುಮಾರು 2.47 ಎಕರೆ, ಯೂರಿಯಾದಲ್ಲಿರುವ ಸಾರಜನಕವು ನೂರಕ್ಕೆ 46 ಭಾಗ. ಹೆಕ್ಟೇರಿಗೆ 100 ಕಿಲೋ ಸಾರಜನಕ ಬೇಕೆಂದರೆ ಸುಮಾರು 217 ಕಿಲೋ ಯೂರಿಯಾ ಆಗುವುದು; ಎಕರೆಗೆ ಸುಮಾರು 88 ಕಿಲೋ ಮಾತ್ರ. ಬೇರೆ ಗೊಬ್ಬರದಿಂದ ಒದಗುವ ಸಾರಜನಕವನ್ನು ಇದರಲ್ಲಿ ಕಳೆಯಲೂ ಬೇಕು. "ಇನ್ನೂರ ಹದಿನೇಳು ಕಿಲೋ ಹಾಕು" ಎಂದಷ್ಟೇ ಹೇಳಿ ಹೋದರೆ ಕೇಳಿದವನು ಅದನ್ನು ಎಕರೆಗೆಂದು ತಿಳಿದು ಎರಡೂವರೆ ಪಟ್ಟು ಸುರಿಯುವನು. ಬತ್ತವು ಸೊಕ್ಕಿ ಬೆಳೆದು ನೆಲಕ್ಕೆ ಬೀಳುವುದು, ಬೆಂಕಿರೋಗಕ್ಕೂ ಎಡೆಯಾಗುವುದು. "ನೂರು ಕಿಲೋ" ಎಂದಷ್ಟೇ ಕೇಳಿಸಿಕೊಂಡವನು ಒಂದು ಹೆಕ್ಟೇರಿಗೆ ನೂರು ಕಿಲೋ ಯೂರಿಯಾವನ್ನೇ ಹಾಕಿ, ಬೇಕಾದುದರ ಅರ್ಧವನ್ನೂ ಕೊಡದೆ, ಪೈರನ್ನು ಬಡವಾಗಿಸುವನು. ಯಾವ ವಸ್ತು, ಎಷ್ಟು, ಎಷ್ಟು ನೆಲಕ್ಕೆ, ಎಷ್ಟು ನೀರಿನಲ್ಲಿ, ಎಂದು ಎಂಬ ಐದು ಸಂಗತಿಗಳಿಲ್ಲದ ಸಲಹೆಯು ಸಲಹೆಯೇ ಅಲ್ಲ.

ಮಲೆನಾಡಿನ ಅಡಿಕೆ ತೋಟದವರಿಗೆ ಬಹು ಪರಿಚಿತವಾದ ಬೋರ್ಡೋ ದ್ರಾವಣವನ್ನೇ ನೋಡಬಹುದು. "ಮೈಲುತುತ್ತ ಸುಣ್ಣ ಹೊಡೆ" ಎಂದು ಹೇಳಲು ಮೂರು ಮಾತು ಸಾಕು. ಆದರೆ ನೂರಕ್ಕೆ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, 1 ಕಿಲೋ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರು ನೀರಿನಲ್ಲಿಯೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಕೆಂಪು ಲೇಪ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಇಲ್ಲವಾದರೆ ಎಳೆಯ ಕಾಯಿ ಸುಡುವ ಭಯವುಂಟು. ತಯಾರಿಸಿದುದನ್ನು ಅದೇ ದಿನ ಉಪಯೋಗಿಸಬೇಕು. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅನಂತರ 40-45 ದಿನಗಳಿಗೆ ಇನ್ನೊಮ್ಮೆ ಹೊಡೆಯಬೇಕು. ಈ ವಿವರಗಳಲ್ಲಿ ಒಂದನ್ನು ಬಿಟ್ಟರೂ ತೋಟದವನ ಹಣವೂ ಕೊನೆಗಾರನ ಶ್ರಮವೂ ವ್ಯರ್ಥವಾಗುವುದು.

ಈ ದ್ರಾವಣದ ಚರಿತ್ರೆಯಲ್ಲಿಯೂ ಸಲಹೆಗಾರರು ಮನನ ಮಾಡತಕ್ಕ ಪಾಠವೊಂದಿದೆ. 1882ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ಮಿಲಾರ್ಡೆ ಎಂಬ ವಿದ್ವಾಂಸರು ದ್ರಾಕ್ಷಿ ತೋಟದ ಬಳಿ ಹೋಗುತ್ತಿದ್ದಾಗ, ಇತರ ಬಳ್ಳಿಗಳ ಎಲೆಗಳು ರೋಗದಿಂದ ಉದುರಿದ್ದರೂ ದಾರಿಯಂಚಿನ ಬಳ್ಳಿಗಳು ಹಸಿರಾಗಿರುವುದನ್ನು ಕಂಡರು. ವಿಚಾರಿಸಲಾಗಿ, ದಾರಿಹೋಕರು ಹಣ್ಣು ಕದಿಯದಿರಲೆಂದು ಅವುಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿದಿರುವುದಾಗಿ ತಿಳಿದುಬಂತು. ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಅವರು ಅದನ್ನು ಲೋಕಕ್ಕೆ ತಿಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಮುಂದೆ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಲೆಸ್ಲಿ ಕೋಲ್‌ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಕುರಿತು ಶೋಧನೆ ನಡೆಸಿದರು. ಮಳೆಯ ನೀರು ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿ ಅಲ್ಲಿನ ಒಕ್ಕಲಿನಲ್ಲಿ ಮೊದಲೇ ಇತ್ತು. ರೋಗಕ್ಕೂ ಮಳೆಗೂ ಇರುವ ನಂಟನ್ನು ತೋಟದವರು ಅನುಭವದಿಂದ ಅರಿತಿದ್ದರು. ಅಲ್ಲಿಗೆ ಬೋರ್ಡೋ ದ್ರಾವಣವು ಬಂದು ಸೇರಿತು. ವಿದ್ವಾಂಸನು ತೋಟದವನನ್ನು ಕೇಳಿದುದರಿಂದಲೇ ಈ ಮದ್ದು ದೊರೆಯಿತಲ್ಲದೆ, ತೋಟದವನು ವಿದ್ವಾಂಸನನ್ನು ಕೇಳಿದುದರಿಂದಲ್ಲ ಎಂಬುದನ್ನು ಮರೆಯಲಾಗದು.

ಆದಕಾರಣ, ಪದವಿ ಪಡೆದವರ ಹೊರತು ಬೇರೆ ಯಾರೂ ಸಲಹೆ ಹೇಳಕೂಡದೆಂಬ ವಾದವು ಒಪ್ಪತಕ್ಕದ್ದಲ್ಲ. ಮೂವತ್ತು ವರ್ಷ ಒಂದೇ ನೆಲವನ್ನು ಉತ್ತವನಿಗೆ ತಿಳಿದಿರುವ ಸಂಗತಿಗಳು ಎಷ್ಟೋ ವೇಳೆ ಪುಸ್ತಕದಲ್ಲಿ ಇರುವುದಿಲ್ಲ. ಆದರೆ ಅವನ ಅನುಭವವು ಅವನ ನೆಲದ್ದು. ಕೆಮ್ಮಣ್ಣಿನ ಹೊಲದವನು ಎರೆಯ ಹೊಲದವನಿಗೆ, ಕಾಲುವೆಯ ನೀರಿನವನು ಮಳೆಯನ್ನೇ ನಂಬಿದವನಿಗೆ ಹೇಳುವಾಗ, "ತನ್ನ ಹೊಲದಲ್ಲಿ ಹೀಗಾಯಿತು" ಎಂದು ಹೇಳಬೇಕಲ್ಲದೆ "ಎಲ್ಲೆಡೆಯೂ ಹೀಗೆಯೇ ಆಗುವುದು" ಎಂದು ಹೇಳುವುದು ಯೋಗ್ಯವಲ್ಲ. ತಾನು ಮಾರುವ ಸರಕನ್ನೇ ಮದ್ದೆಂದು ಹೇಳುವವನ ಸಲಹೆಯನ್ನಂತೂ ಇನ್ನೊಬ್ಬರಲ್ಲಿ ವಿಚಾರಿಸಿಯೇ ಸ್ವೀಕರಿಸಬೇಕು. ಕೀಟನಾಶಕದ ಡಬ್ಬಿಯ ಮೇಲಿರುವ ಗುರುತಿನಲ್ಲಿ ಕೆಂಪು ಬಣ್ಣವು ಅತ್ಯುಗ್ರ ವಿಷವನ್ನು ಸೂಚಿಸುವುದು. ಹಳದಿ, ನೀಲಿ, ಹಸಿರು ಅನುಕ್ರಮವಾಗಿ ಕಡಿಮೆಯವು. ಇಂತಹ ವಿಷಗಳನ್ನು ಹೆಸರು, ಅಳತೆ, ಕೊಯ್ಲಿಗೆ ಮೊದಲು ಬಿಡಬೇಕಾದ ದಿನಗಳು ಇವುಗಳನ್ನು ತಿಳಿಸದೆ, "ಆ ಕೆಂಪು ಬಾಟಲಿ ತಂದು ಹೊಡೆ" ಎಂದು ಹೇಳುವುದು ಅಪರಾಧಕ್ಕೆ ಸಮಾನ.

ಇಷ್ಟೆಲ್ಲಾ ಕೇಳುತ್ತ ಕುಳಿತರೆ ಕಾಲ ಮೀರುವುದಿಲ್ಲವೇ ಎಂಬ ಆಕ್ಷೇಪಣೆಗೂ ಬೆಲೆಯುಂಟು. ರೋಗವು ವಿಚಾರಣೆ ಮುಗಿಯುವವರೆಗೆ ಕಾಯುವುದಿಲ್ಲ. ಆದರೆ ಕಾರಣ ಗೊತ್ತಾಗುವವರೆಗೂ ಹೇಳಬಹುದಾದ, ಯಾರಿಗೂ ಕೆಡಕು ಮಾಡದ ಕೆಲಸಗಳು ಇದ್ದೇ ಇರುವುವು. ನಿಂತ ನೀರನ್ನು ಬಿಡುವುದು, ಸಂಶಯವಿರುವ ಮೇವನ್ನು ನಿಲ್ಲಿಸುವುದು, ರೋಗದ ಗಿಡವನ್ನು ಬೇರುಸಹಿತ ತೆಗೆದು ತೋರಿಸಲು ಇಟ್ಟುಕೊಳ್ಳುವುದು, ಹೊಸ ಮದ್ದನ್ನು ಮೊದಲು ನಾಲ್ಕು ಸಾಲಿಗೆ ಮಾತ್ರ ಹೊಡೆದು ನೋಡುವುದು ಇವೇ ಅವು. ಇವನ್ನು ಹೇಳಿ, ಉಳಿದುದಕ್ಕೆ "ಗೊತ್ತಿಲ್ಲ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಗಿಡವನ್ನು ತೋರಿಸಿ ಕೇಳು" ಎನ್ನುವುದರಲ್ಲಿ ಅವಮಾನವೇನೂ ಇಲ್ಲ. ಗೊತ್ತಿಲ್ಲವೆಂಬ ಮಾತಿನಿಂದ ಯಾರ ಬೆಳೆಯೂ ಹಾಳಾದುದಿಲ್ಲ.

ಕೇಳುವವರಿಗೂ ಕೆಲವು ಕರ್ತವ್ಯಗಳುಂಟು. ಪ್ರಶ್ನೆ ಸರಿಯಾಗಿದ್ದರೆ ಉತ್ತರವು ಅರ್ಧ ದೊರೆತಂತೆಯೇ. ಸಲಹೆ ಕೇಳುವವರು ಈ ಕೆಳಗಿನವುಗಳನ್ನು ತಪ್ಪದೆ ತಿಳಿಸುವುದು ಲೇಸು:

1. ಊರು, ಮಣ್ಣಿನ ಬಗೆ, ನೀರಿನ ಅನುಕೂಲ.
2. ಬೆಳೆ, ಅದರ ತಳಿ, ಬಿತ್ತಿ ಅಥವಾ ನೆಟ್ಟು ಎಷ್ಟು ದಿನವಾಯಿತೆಂಬುದು.
3. ಕೇಡು ಕಾಣಿಸಿದ ಭಾಗ. ಒಂದೆರಡು ಗಿಡಗಳಲ್ಲೋ, ತೇಪೆತೇಪೆಯಾಗಿಯೋ, ಇಡೀ ಹೊಲದಲ್ಲೋ ಎಂಬುದು.
4. ಈವರೆಗೆ ಹಾಕಿದ ಗೊಬ್ಬರ, ಹೊಡೆದ ಮದ್ದು, ಅವುಗಳ ಪ್ರಮಾಣ.

ಕಡೆಯ ಅಂಶವನ್ನು ಸಂಕೋಚದಿಂದ ಮರೆಮಾಚುವವರು ಅನೇಕರಿದ್ದಾರೆ. ಹೊಡೆದ ಮದ್ದನ್ನು ಹೇಳದೆ ಇನ್ನೊಂದು ಮದ್ದನ್ನು ಕೇಳುವುದರಿಂದ ಕೇಡು ಇಮ್ಮಡಿಸುವುದು.

ಸಲಹೆಯಿಂದ ಗುಣವಾಯಿತೋ ಇಲ್ಲವೋ ಎಂಬುದನ್ನು ಹೇಳಿದವನಿಗೆ ಮರಳಿ ತಿಳಿಸುವುದು ಕೇಳಿದವನ ಋಣ. ಇಂದು ಈ ಋಣವು ಬಹಳ ಮಟ್ಟಿಗೆ ತೀರದೆ ಉಳಿಯುತ್ತಿದೆ. ಫಲವನ್ನು ಅರಿಯದ ಸಲಹೆಗಾರನು ತನ್ನ ತಪ್ಪನ್ನೇ ಮುಂದಿನ ಹತ್ತು ಜನರಿಗೂ ಹೇಳುತ್ತ ಹೋಗುವನು. ಹಾಗೆಯೇ ಸಲಹೆ ಹೇಳಿದವನು ಹದಿನೈದು ದಿನ ಕಳೆದ ಮೇಲೆ "ಪೈರು ಹೇಗಿದೆ?" ಎಂದು ತಾನಾಗಿ ಒಮ್ಮೆ ವಿಚಾರಿಸಿದರೆ, ಅಲ್ಲಿಗೆ ಅವನು ಹೊರಗಿನ ಹನುಮಪ್ಪನಾಗಿ ಉಳಿಯುವುದಿಲ್ಲ, ಆ ಹೊಲದ ಲಾಭನಷ್ಟಗಳಲ್ಲಿ ಪಾಲುಗಾರನಾಗುವನು. ಮುಖ ಕಾಣದವನ ಪೈರನ್ನು ತನ್ನ ಪೈರೆಂದು ಎಣಿಸಿ ಹೇಳಿದ ಮಾತೇ ರೈತರಿಗೆ ಹಿತವಾದ ಸಲಹೆಯೆನಿಸುವುದು.