ಹದಿಮೂರನೇ ದಿನ ಕಳೆದ ಮೇಲೆ



ಯಜಮಾನರು ತೀರಿಕೊಂಡಾಗ ಮನೆ ತುಂಬ ಜನ. ವೈಕುಂಠ ಸಮಾರಾಧನೆ ಮುಗಿದದ್ದೇ ರಾಯಚೂರು, ಧಾರವಾಡದ ನೆಂಟರು ರೈಲು ಹತ್ತಿದರು. ದುಃಖ ಪೂರ್ತಿ ಮೈಮೇಲೆ ಬಂದದ್ದು ಆಮೇಲೆಯೇ. ಸಿಕಂದರಾಬಾದಿನ ಮಾರೇಡ್‌ಪಲ್ಲಿಯಲ್ಲಿ ನಮ್ಮ ನೆರೆಹೊರೆಯವರು ಬಹಳ ಒಳ್ಳೆಯವರು, ಎಷ್ಟೋ ದಿನ ಊಟ ತಂದುಕೊಟ್ಟರು. ಆದರೆ ತೆಲುಗಿನಲ್ಲಿ ನಾನು ವ್ಯವಹಾರ ಮಾಡಬಲ್ಲೆ, ಅಳಲಾರೆ. "ಧೈರ್ಯ ತಂದುಕೊಳ್ಳಿ" ಅನ್ನುವವರಿಗಿಂತ, ಯಜಮಾನರ ಹೆಸರೆತ್ತಿ ಹಳೆಯದೇನಾದರೂ ನೆನೆಸುವವರು ನನಗೆ ಬೇಕಿತ್ತು.

ನನ್ನಂಥವರಿಗೆ ಒಂದು ವಿಷಯ ತಿಳಿದಿರಲಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ (14416) ಹಗಲೂ ರಾತ್ರಿ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು. ಆರು ತಿಂಗಳು ಮೀರಿಯೂ ದಿನದ ಕೆಲಸ ಸಾಗದಷ್ಟು ಸಂಕಟ ಉಳಿದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿಯಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ವೈದ್ಯರನ್ನು ಕಾಣಲು ನಾಚಿಕೆ ಬೇಡ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದವರಲ್ಲಿ ನನ್ನದೊಂದು ಕೋರಿಕೆ: ಮನೆಯವರನ್ನು ಕಳೆದುಕೊಂಡವರು ಕೂತು ಮಾತಾಡಲು ತಿಂಗಳಿಗೊಂದು ಸಂಜೆ ಬಿಟ್ಟುಕೊಡಿ. ಕುರ್ಚಿ ಹಾಕಿ ಚಹಾ ಮಾಡುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.

– ಓರ್ವ ಓದುಗರು, ಸಿಕಂದರಾಬಾದ್